ಊಟ ಆದ ಮೇಲೆ

ಬಸ್ಸು ಅವನನ್ನು ಇಳಿಸಿ ಹೋದ ಜಾಗದಲ್ಲಿ ಒಂದು ಸಿಮೆಂಟಿನ ಬೆಂಚು ಬಿಟ್ಟರೆ ಬೇರೇನೂ ಇರಲಿಲ್ಲ. ಸಮುದ್ರ ಯಾವ ಕಡೆ ಎಂದು ಕೇಳಿದ್ದಕ್ಕೆ ಕಂಡಕ್ಟರು ಗದ್ದವನ್ನು ಪೊದೆಗಳತ್ತ ಎತ್ತಿ, “ಹೀಗೇ ನಡೀರಿ ಸಾರ್, ನೆಲ ಮುಗಿದ ಕಡೆ ಸಿಗುತ್ತೆ” ಎಂದಿದ್ದ. ಹಿಂದಿನ ಸೀಟಿನವರು ನಕ್ಕಿದ್ದರು. ಬೇರೆ ದಿನವಾಗಿದ್ದರೆ ಅವನ ಕಿವಿ ಬಿಸಿಯಾಗುತ್ತಿತ್ತು, ಏನು ತಿರುಗಿಸಿ ಹೇಳಬಹುದಿತ್ತು ಎಂದು ದಾರಿಯುದ್ದಕ್ಕೂ ಒದ್ದಾಡುತ್ತಿದ್ದ. ಈಗ ಹಾಗೇನೂ ಆಗಲಿಲ್ಲ. ಆಗಲಿಲ್ಲವಲ್ಲ ಎಂದು ಗಮನಿಸಿದ, ಅಷ್ಟೆ. ಅಮ್ಮ ಸತ್ತಾಗಿನಿಂದ ಹೀಗೇ ಇತ್ತು. ಬಿಸಿ ಲೋಟ ಹಿಡಿದರೆ ಬಿಸಿಯೆಂದು ತಿಳಿಯುತ್ತಿತ್ತು, ಕೈ ಮಾತ್ರ ಹಿಂದಕ್ಕೆ ಬರುತ್ತಿರಲಿಲ್ಲ. ಅಳುತ್ತಾ ತಬ್ಬಿಕೊಂಡವರ ಬೆನ್ನನ್ನು ತಟ್ಟುತ್ತಾ ಅವರ ಹೆಗಲ ಮೇಲಿಂದ ಗೋಡೆಯ ಗಡಿಯಾರ ಸ್ವಲ್ಪ ವಾರೆಯಾಗಿದೆ ಎಂದು ನೋಡುತ್ತಿದ್ದ. ಈಗ ಎಡಗೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ಕೆಲಸದ ಬೂಟಿನಲ್ಲೇ ಕೇದಗೆ ಪೊದೆಗಳ ನಡುವಿನ ಕಾಲುದಾರಿಯಲ್ಲಿ ನಡೆಯತೊಡಗಿದ. ತಂಗಿ ಈ ದಾರಿಯ ಕೊನೆಯಲ್ಲಿದ್ದಾಳೆ. ಅಮ್ಮ ಇಲ್ಲವೆಂದು ಅವಳಿಗೆ ಇನ್ನೂ ಯಾರೂ ಹೇಳಿಲ್ಲ. ಅದನ್ನು ಹೇಳಲು ಅವನು ಬಂದಿದ್ದ.

ಡಬ್ಬಿ ಕೊಡುವಾಗ ಹೆಂಡತಿ, “ಮೊದಲು ಅವಳು ತಿನ್ಲಿ, ಆಮೇಲೆ ಹೇಳಿ” ಎಂದಿದ್ದಳು. ಅವರ ಮನೆಯಲ್ಲಿ ಹಸಿದವರಿಗೆ ಕೆಟ್ಟ ಸುದ್ದಿ ಹೇಳುತ್ತಿರಲಿಲ್ಲ. ಅಮ್ಮ ಮಾಡಿದ ಕಾನೂನು ಅದು. ಅಮ್ಮ ಹುಡುಗಿಯಾಗಿದ್ದಾಗ ಅವಳ ಅಪ್ಪ ತೀರಿಕೊಂಡ ಸುದ್ದಿ ಬೆಳಗ್ಗೆ ಏಳುತ್ತಲೇ ಬಂದು, ಆಮೇಲೆ ಇಡೀ ದಿನ ಆ ಗಲಾಟೆಯಲ್ಲಿ ಅವಳಿಗೊಂದು ತುತ್ತು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲವಂತೆ. “ದುಃಖ ಆಮೇಲೆ ಬಂತು, ಅವತ್ತು ಬಂದಿದ್ದು ಬರೀ ಹಸಿವು” ಎನ್ನುತ್ತಿದ್ದಳು. ಅದನ್ನು ಹೇಳುವಾಗ, ಮುದುಕಿಯಾದ ಮೇಲೂ, ಅವಳ ಮುಖದಲ್ಲಿ ನಾಚಿಕೆ ಕಾಣುತ್ತಿತ್ತು. ಹಾಗಾಗಿ ಅವರ ಮನೆಯಲ್ಲಿ ಪರೀಕ್ಷೆಯಲ್ಲಿ ಫೇಲಾದದ್ದು, ಸಂಬಂಧ ಮುರಿದದ್ದು, ಯಾರೋ ಹಾಸಿಗೆ ಹಿಡಿದದ್ದು, ಎಲ್ಲವೂ ತಟ್ಟೆ ಎತ್ತಿದ ಮೇಲೆಯೇ. ಮದುವೆಯಾದ ಹೊಸತರಲ್ಲಿ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ಅವನ ಹೆಂಡತಿಯೇ. “ನಿಮ್ಮಮ್ಮ ಎರಡನೇ ಸಲ ಬಡಿಸೋಕೆ ಬಂದ್ರೆ ನನ್ನೆದೆ ಡವಡವ ಅನ್ನುತ್ತೆ ಕಣ್ರೀ” ಎನ್ನುತ್ತಿದ್ದಳು. ಈಗ ಅವಳೇ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಕಟ್ಟಿದ್ದಾಳೆ. ಮೊಟ್ಟೆ ಬೇಡವಾಗಿತ್ತು ಎಂದು ಅವನಿಗೆ ಬಸ್ಸಿನಲ್ಲಿ ಹೊಳೆಯಿತು. ಹೊಳೆದದ್ದೂ ಹಾಗೇ ಇಳಿದು ಹೋಯಿತು.

ಪೊದೆ ಮುಗಿದು ಮರಳು ಶುರುವಾದಲ್ಲಿ ಅವನು ನಿಂತ. ಇಷ್ಟು ದೊಡ್ಡ ಜಾಗದಲ್ಲಿ ಮನುಷ್ಯರು ಮಾಡಿದ್ದು ಎಂದರೆ ತೆಂಗಿನ ಗರಿ ಹೊದಿಸಿದ ಒಂದು ಗುಡಿಸಲು, ಪಕ್ಕದಲ್ಲಿ ತಗಡಿನ ಒಂದು ಶೆಡ್ಡು, ಒಣಹಾಕಿದ ಎರಡು ಟವೆಲು. ಉಳಿದದ್ದೆಲ್ಲ ಮರಳು, ಬಂಡೆ, ನೀರು. ನೀರು ಎಲ್ಲಿಂದಲೋ ಎದ್ದು ಬಂದು, ಒಂದು ಕಡೆಯಿಂದ ಮುರಿಯುತ್ತಾ ಮುರಿಯುತ್ತಾ ಬಂಡೆಗಳ ತನಕ ಉರುಳಿ, ಏನೂ ಆಗಲೇ ಇಲ್ಲವೆಂಬಂತೆ ಹಿಂದೆ ಸರಿಯುತ್ತಿತ್ತು. ಅವನು ಲಿಫ್ಟ್ ಮೆಕ್ಯಾನಿಕ್ಕು. ಮೇಲೇರಿ ಕೆಳಗಿಳಿಯುವ ಯಾವುದನ್ನು ಕಂಡರೂ ಅದನ್ನು ಹಿಡಿದಿರುವ ಹಗ್ಗ ಯಾವುದು, ಬ್ರೇಕು ಎಲ್ಲಿ ಎಂದು ಕಣ್ಣು ಹುಡುಕುತ್ತದೆ. ಇಲ್ಲಿ ಹುಡುಕಿ ಸಿಗಲಿಲ್ಲ. ದೂರದಲ್ಲಿ, ಅಲೆ ಮುರಿಯುವ ಜಾಗದಿಂದಲೂ ಆಚೆ, ಐದಾರು ಜನ ಬೋರ್ಡುಗಳ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಎಲ್ಲರ ಬೆನ್ನೂ ದಡಕ್ಕೆ. ಸರ್ಫಿಂಗ್ ಅಂದರೆ ಅಲೆಯ ಮೇಲೆ ನಿಂತು ಹಾರುವ ಆಟ ಎಂದು ತಂಗಿ ಹೇಳಿದ್ದಳು. ಅವನು ನೋಡುತ್ತಾ ನಿಂತ ಅಷ್ಟು ಹೊತ್ತೂ ಯಾರೂ ನಿಲ್ಲಲಿಲ್ಲ. ಬರುವ ಅಲೆಗಳನ್ನು ಕಾಲ ಕೆಳಗೆ ಸುಮ್ಮನೆ ಹೋಗಗೊಡುತ್ತಿದ್ದರು. ಅವರಲ್ಲಿ ಕೂದಲು ಎತ್ತಿ ಕಟ್ಟಿದ್ದ ಒಂದು ಬೆನ್ನನ್ನು ತಂಗಿಯದೆಂದು ಗುರುತಿಸಿ ಅವನು ಕೈ ಬೀಸಿದ. ಡಬ್ಬಿಯನ್ನೂ ಎತ್ತಿ ಬೀಸಿದ. ಆ ಬೆನ್ನು ತಿರುಗಿದಾಗ ಅದಕ್ಕೆ ಗಡ್ಡವಿತ್ತು.

ಗುಡಿಸಲಿನಿಂದ ಒಬ್ಬ ಹೆಂಗಸು ನಗುತ್ತಾ, “ಅವಳು ಅತ್ಲಾಗೆ, ಬಂಡೆ ಹತ್ರ ಇದಾಳೆ. ನೀವು ಅವಳ ಅಣ್ಣ ಅಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ. ಬನ್ನಿ, ನೆರಳಿಗೆ ಬನ್ನಿ” ಎಂದಳು. ಆ ಗುಡಿಸಲಿನಲ್ಲಿ ಚಹಾ ಮಾಡುವವಳು, ಹಿಂದಿನ ಕೋಣೆಯನ್ನು ತಂಗಿಗೆ ಬಾಡಿಗೆಗೆ ಕೊಟ್ಟವಳು. ಅವನು ಬೆಂಚಿನ ಹತ್ತಿರ ಹೋದ. ಬೆಂಚಿನ ಒಂದು ಕಾಲು ಮರಳಿನಲ್ಲಿ ಇಳಿದಿತ್ತು. ಚಿಪ್ಪೊಂದನ್ನು ಹುಡುಕಿ ಅದರಡಿ ತುರುಕಿ, ಮಟ್ಟ ಸರಿಯಾಯಿತೇ ಎಂದು ಕೈಯಾಡಿಸಿ ನೋಡಿದ ಮೇಲೆಯೇ ಅವನಿಗೆ ಕೂರಲು ಆದದ್ದು. ಚಹಾ ಬಂತು. ಅವಳು ಕೇಳಿದಳು, “ಅಮ್ಮ ಹೇಗಿದಾರೆ? ನಿಮ್ಮ ತಂಗಿ ಬರೀ ಅವರ ಮಾತೇ.” ಅವನು, “ಇದಾರೆ” ಎಂದ. ಚಹಾದವಳು ಊಟ ಮಾಡಿದ್ದಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಅವತ್ತು ಬೆಳಗ್ಗೆ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು, ಮಡಿಲಲ್ಲಿ ಅರ್ಧ ಬಿಡಿಸಿದ ಬೆಳ್ಳುಳ್ಳಿ. ಅವನು ಕೆಲಸಕ್ಕೆ ಹೊರಟವನು, ಬೂಟಿನ ಲೇಸು ಕಟ್ಟುತ್ತಾ ಏನೋ ಕೇಳಿದ, ಉತ್ತರ ಬರಲಿಲ್ಲ. ಎರಡನೇ ಸಲ ಸ್ವಲ್ಪ ಸಿಡುಕಿನಿಂದ ಕೇಳಿದ. ಆ ಸಿಡುಕು ಈಗಲೂ ಆ ಕೋಣೆಯಲ್ಲಿ ಹಾಗೇ ಇದೆ ಎಂದು ಅವನಿಗೆ ಅನಿಸುತ್ತದೆ. ಆಮೇಲೆ ಅವನು ಮಾಡಿದ್ದು ಇಷ್ಟು: ಅಮ್ಮನ ಕಣ್ಣು ಮುಚ್ಚಿ, ಹೊದಿಕೆ ಹೊದಿಸಿ, ಅಡುಗೆಮನೆಗೆ ಹೋಗಿ ಹೆಂಡತಿಗೆ “ತಿಂಡಿ ತಿಂದ್ಯಾ?” ಎಂದು ಕೇಳಿದ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಅವನ ಮುಖ ನೋಡಿದಳು. “ತಿಂದು ಮುಗಿಸು” ಎಂದ. ಅವಳು ನಿಂತುಕೊಂಡೇ, ಕಣ್ಣಲ್ಲಿ ನೀರು ಇಳಿಯುತ್ತಿದ್ದ ಹಾಗೇ ತಿಂದು ಮುಗಿಸಿದಳು. ಮಗಳನ್ನು ಎಬ್ಬಿಸಿ ಹಾಲು ಕುಡಿಸಿ ಹೇಳಿದ. ಸೋದರಮಾವನಿಗೆ ಫೋನು ಮಾಡಿ, ಅವರ ತಿಂಡಿ ಆಗಿದೆಯೆಂದು ತಿಳಿದುಕೊಂಡು ಹೇಳಿದ. ಜನ ಸೇರಿದರು, ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದರು. ತಂಗಿಯ ಫೋನು ಸಿಕ್ಕಾಗ ಮಧ್ಯಾಹ್ನವಾಗಿತ್ತು. ಬಚ್ಚಲುಮನೆಯ ಪಕ್ಕದ ಸಂದಿಯಲ್ಲಿ ನಿಂತು ಅವನು, “ಊಟ ಆಯ್ತಾ?” ಎಂದು ಕೇಳಿದ. ಆ ಕಡೆಯಿಂದ ಗಾಳಿಯ ಸದ್ದು. ಆಮೇಲೆ, “ಇಲ್ಲ, ಇನ್ನೂ ಇಲ್ಲ” ಎಂದಳು. “ಅಮ್ಮನಿಗೆ ಕೊಡು” ಎಂದಳು. ಅವನು ಬಾಗಿಲಿನಿಂದ ನಡುಮನೆಯೊಳಗೆ ನೋಡಿ, “ಮಲಗಿದಾಳೆ” ಎಂದ.

ಎಷ್ಟೋ ಸಲ ಅವನು ಅಲ್ಲಿಗೇ ಬಂದು ನಿಲ್ಲುತ್ತಾನೆ. ಊಟ ಮಾಡಿ ಫೋನ್ ಮಾಡು ಎನ್ನಬಹುದಿತ್ತು. ಸುಮ್ಮನೆ ಬಾ ಎನ್ನಬಹುದಿತ್ತು. “ಸುಮ್ನೆ ಮಾಡ್ದೆ, ಆಮೇಲೆ ಮಾತಾಡ್ತೀನಿ” ಎಂದು ಇಟ್ಟುಬಿಟ್ಟ. ಲಿಫ್ಟು ಮಧ್ಯದಲ್ಲಿ ನಿಂತಾಗ ಒಳಗೆ ಸಿಕ್ಕಿಕೊಂಡವರಿಗೆ ಬಾಗಿಲಿನ ಸಂದಿನಿಂದ “ಐದೇ ನಿಮಿಷ” ಎಂದು ಕೂಗಿ ಹೇಳುವುದು ಅವನ ಅಭ್ಯಾಸ. ಐದು ನಿಮಿಷದಲ್ಲಿ ಯಾವ ಲಿಫ್ಟೂ ಸರಿಹೋಗಿದ್ದಿಲ್ಲ. ಒಳಗಿದ್ದವರಿಗೆ ನಿಜ ಹೇಳುವುದಲ್ಲ ಅವನ ಕೆಲಸ, ಬಾಗಿಲು ತೆರೆಯುವ ತನಕ ಅವರನ್ನು ಕೂರಿಸಿಡುವುದು. ಸಂಜೆ ಅಮ್ಮನನ್ನು ಎತ್ತುವ ಹೊತ್ತಿಗೆ ಸೋದರಮಾವ, “ಎಲ್ಲೋ ನಿನ್ನ ತಂಗಿ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಅವನು, “ಹೇಳಿದೀನಿ. ಬರೋಕಾಗಲ್ವಂತೆ” ಎಂದ. ಬಾಯಿಂದ ಬಂದ ಮೇಲೆ ಅದು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಮಾವ ಮೂಗಿನಲ್ಲಿ ಉಸಿರು ಬಿಟ್ಟು, “ಅಪ್ಪ ಸತ್ತ ದಿನ ನಾಲ್ಕು ಮೊಟ್ಟೆ ತಿಂದೋಳು. ಅಮ್ಮ ಸತ್ತಳು ಅಂತ ಓಡಿ ಬರ್ತಾಳಾ?” ಎಂದರು. ಸುತ್ತ ಇದ್ದವರು ನೆಲ ನೋಡಿದರು. ಅವನೂ ನೆಲ ನೋಡಿದ.

ತಂಗಿ ನೀರಿನಿಂದ ಮೇಲೆ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಎದುರಿಗೆ ಯಾರೋ ಬೋರ್ಡನ್ನು ಕಂಕುಳಲ್ಲಿ ಹಿಡಿದು ನೀರು ಸೋರಿಸುತ್ತಾ ನಿಂತಿದ್ದರು. ಬಿಸಿಲಿಗೆ ಕಪ್ಪಾಗಿ, ಕೆನ್ನೆ ಒಳಸರಿದು, ಹುಬ್ಬಿನ ಮೇಲೆ ಉಪ್ಪು ಒಣಗಿದ ಆ ಮುಖದಲ್ಲಿ ಅಮ್ಮನ ಮೂಗು ಇತ್ತು.

“ಏನೋ ಇದು, ಸಮುದ್ರಕ್ಕೆ ಯಾರಾದ್ರೂ ಬೂಟು ಹಾಕ್ಕೊಂಡು ಬರ್ತಾರಾ?”

“ನೀರಿಗೆ ಇಳಿಯೋಕೆ ಬಂದಿಲ್ಲ ನಾನು.”

ಅವಳು ನಕ್ಕಳು. ನಗು ಬೇಗ ಮುಗಿಯಿತು. ಅವನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ ಕಣ್ಣನ್ನು ಬೇರೆ ಕಡೆ ತಿರುಗಿಸಿದಳು. “ಅತ್ತಿಗೆ ಕಳಿಸಿದ್ದು. ತಿನ್ನು” ಎಂದ. “ಈಗ ಬೇಡ. ಹೊಟ್ಟೆ ತುಂಬಿದ್ರೆ ಬೋರ್ಡ್ ಮೇಲೆ ಬೋರಲು ಮಲಗೋಕಾಗಲ್ಲ. ಇನ್ನೊಂದು ಸಲ ಹೋಗಬೇಕು” ಎಂದಳು. ಯಾಕೆ ಬಂದೆ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ಅವನು ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದ. ಆ ತಯಾರಿ ಬಾಯಲ್ಲಿ ಹಾಗೇ ಉಳಿಯಿತು. ಅವಳು ಮತ್ತೆ ನೀರಿಗೆ ಹೋದಳು. ಅವನು ಬೂಟಿನೊಳಗೆ ಸೇರಿದ ಮರಳನ್ನು ಸುರಿದು, ಮತ್ತೆ ಹಾಕಿಕೊಂಡು, ಲೇಸು ಬಿಗಿದ. ಈ ಸಲ ಅವಳು ನಿಂತದ್ದನ್ನು ಕಂಡ. ಅಲೆ ಅವಳ ಬೆನ್ನ ಹಿಂದೆ ಎದ್ದಿತು, ಅವಳು ಕೈಗಳಿಂದ ನೀರು ಬಾಚುತ್ತಾ ಬಂದವಳು ಒಮ್ಮೆಗೇ ಎದ್ದು, ಮೊಣಕಾಲು ಬಗ್ಗಿಸಿ, ಬಂಡೆಗಳ ಕಡೆಗೆ ಜಾರಿ ಹೋದಳು. ಹೆದರಿಕೆಯಾಗಬೇಕಿತ್ತು. ಚೆನ್ನಾಗಿದೆ ಎಂದಾದರೂ ಅನಿಸಬೇಕಿತ್ತು. ಅವನಿಗೆ ಕಂಡದ್ದು ಅವಳ ಕಾಲಿಗೂ ಬೋರ್ಡಿಗೂ ಕಟ್ಟಿದ ಹಗ್ಗ. ಅದರ ಗಂಟು ಸವೆದಿದೆಯೋ ಏನೋ, ನೋಡಬೇಕು ಎಂದುಕೊಂಡ.

ಅವಳು ಹಿಂತಿರುಗಿದಾಗ ನಿಜವಾಗಿ ನೋಡಿದ. ಮಂಡಿಯೂರಿ, ಅವಳ ಕಾಲಿನ ಪಟ್ಟಿಯನ್ನು ಬಿಚ್ಚಿ, ಹಗ್ಗವನ್ನು ಬೆರಳ ನಡುವೆ ಇಂಚಿಂಚಾಗಿ ಎಳೆದು ನೋಡಿದ. “ಇದನ್ನ ಬದಲಾಯಿಸು” ಎಂದ. “ಹೂಂ” ಎಂದಳು. “ಈಗಲಾದ್ರೂ ತಿಂತೀಯಾ?” “ಬಾ, ನನ್ನ ಕಾರ್ಖಾನೆ ತೋರಿಸ್ತೀನಿ” ಎಂದು ತಗಡಿನ ಶೆಡ್ಡಿಗೆ ಕರೆದುಕೊಂಡು ಹೋದಳು. ಬಂಡೆಗೆ ಬಡಿದು ಮುರಿದ ಬೋರ್ಡುಗಳನ್ನು ಸರಿಮಾಡುವುದು ಅವಳ ಈಗಿನ ಕಸುಬು. ಒಳಗೆ ಅಂಟಿನ ಘಾಟು, ನೆಲದ ಮೇಲೆ ಬಿಳಿ ಪುಡಿ, ಗೋಡೆಗೆ ಒರಗಿಸಿದ ಬೋರ್ಡುಗಳಲ್ಲಿ ಕೆಲವಕ್ಕೆ ಮೂತಿ ಇರಲಿಲ್ಲ, ಕೆಲವಕ್ಕೆ ಬಾಲ. ಒಂದನ್ನು ಮೇಜಿನ ಮೇಲಿಟ್ಟು ಉಪ್ಪುಕಾಗದದಿಂದ ಉಜ್ಜುತ್ತಾ ಅವಳು ಏನೇನೋ ಹೇಳುತ್ತಿದ್ದಳು: ಇದು ಯಾರದು, ಹೇಗೆ ಮುರಿಯಿತು, ಅಂಟು ಬಿಸಿಲಿಗೆ ಹೇಗೆ ಬೇಗ ಗಟ್ಟಿಯಾಗುತ್ತದೆ. ಅವಳು ಇಷ್ಟು ಮಾತಾಡುವವಳಲ್ಲ. ಅವನು ಡಬ್ಬಿಯನ್ನು ಮೇಜಿನ ತುದಿಯಲ್ಲಿ ಇಟ್ಟ. ಪುಡಿ ಬೀಳುತ್ತದೆಂದು ಅವಳು ಅದನ್ನು ಎತ್ತಿ ಕಿಟಕಿಯ ಮೇಲಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವನು ಅದನ್ನು ಮತ್ತೆ ಮೇಜಿಗೆ ತಂದ.

ಅಪ್ಪ ಸತ್ತ ದಿನವೂ ಮೇಜಿನ ಮೇಲೆ ಮೊಟ್ಟೆಗಳಿದ್ದವು. ಆಡುತ್ತಿದ್ದವರನ್ನು ಅಮ್ಮ ಒಳಗೆ ಕರೆದು ಕೂರಿಸಿದಳು. ಅವನಿಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ತಂಗಿಯ ಕಾಲು ಇನ್ನೂ ಕುರ್ಚಿಯಿಂದ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಅಮ್ಮ ಸುಲಿಯುತ್ತಿದ್ದ ಮೊಟ್ಟೆಯ ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬರುತ್ತಿತ್ತು. ಅದನ್ನು ನೋಡಿದಾಗಲೇ ಅವನಿಗೆ ತಿಳಿಯಿತು. ಏನೇ ಇದ್ದರೂ ಬೇಗ ಬಂದುಬಿಡಲಿ ಎಂದು ಅವನು ತನ್ನ ಪಾಲಿನದನ್ನು ಅಗಿಯದೆ ನುಂಗಿದ. ತಂಗಿ ಮಾತ್ರ, “ಇನ್ನೊಂದು” ಎಂದಳು. ಅಮ್ಮ ಸುಲಿದುಕೊಟ್ಟಳು. ತಂಗಿ ಕಾಲು ಆಡಿಸುತ್ತಾ ನಿಧಾನವಾಗಿ ತಿಂದು, “ಇನ್ನೊಂದು” ಎಂದಳು. ಬಾಗಿಲಲ್ಲಿ ನಿಂತಿದ್ದ ಮಾವ ಅದನ್ನು ನೋಡಿದರು. ಆಮೇಲೆ ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಯಾರು ಸಿಕ್ಕರೂ, “ಇವಳೇ ನಮ್ಮ ನಾಲ್ಕು ಮೊಟ್ಟೆ” ಎಂದು ಪರಿಚಯ ಮಾಡಿಕೊಡುತ್ತಿದ್ದರು. ಅವಳಿಗೆ ಅಳು ಬರುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ.

ಬಿಸಿಲು ಇಳಿದ ಮೇಲೆ ಅವಳು, “ಒಂದ್ಸಲ ನೀರಿಗೆ ಬಾರೋ, ಇಲ್ಲಿ ತನಕ ಬಂದು ಬೂಟು ಒದ್ದೆ ಮಾಡದೆ ಹೋಗ್ತೀಯಾ” ಎಂದಳು. ಅವನು ಬೂಟು ಬಿಚ್ಚಿದ, ಪ್ಯಾಂಟು ಮಡಚಿದ. ಸೊಂಟದ ತನಕ ನೀರಿರುವಲ್ಲಿ ಅವನನ್ನು ಬೋರ್ಡಿನ ಮೇಲೆ ಬೋರಲು ಮಲಗಿಸಿ ಅವಳು ಹಿಂದಿನಿಂದ ಹಿಡಿದುಕೊಂಡಳು. “ಬರ್ತಾ ಇದೆ, ಗಟ್ಟಿಯಾಗಿ ಹಿಡ್ಕೋ” ಎಂದು ತಳ್ಳಿದಳು. ಹೊಟ್ಟೆಯ ಕೆಳಗೆ ಏನೋ ಎದ್ದು ಅವನನ್ನು ಎತ್ತಿಕೊಂಡು ಹೋಯಿತು. ಮಾಳಿಗೆಯ ಮೇಲಿಂದ ಕೆಳಗಿನವರೆಗೆ ಎಷ್ಟು ಸಲ ಹೋಗಿ ಬಂದಿದ್ದಾನೆ, ಆದರೆ ಅದೆಲ್ಲ ತಾನೇ ಗುಂಡಿ ಒತ್ತಿ ಹೋದದ್ದು. ದಡದ ಮರಳಿಗೆ ಬೋರ್ಡು ತಾಗಿ ಅವನು ಉರುಳಿ ಬಿದ್ದ. ಮೂಗಿನಲ್ಲಿ, ಕಿವಿಯಲ್ಲಿ ನೀರು. ಮೊಣಕೈ ತರಚಿ ರಕ್ತ ಬಂತು. ಉರಿಯುತ್ತದೆಯೇ ಎಂದು ಕಾದು ನೋಡಿದ. ಗಡ್ಡದವನು ದೂರದಿಂದ ಚಪ್ಪಾಳೆ ತಟ್ಟಿದ. ತಂಗಿ ನೀರು ಒದೆಯುತ್ತಾ ಓಡಿ ಬಂದು, “ಪೆಟ್ಟಾಯ್ತಾ?” ಎಂದಳು. ಈಗಲೇ ಹೇಳಿಬಿಡಬೇಕು ಎನಿಸಿತು. ಅವನು ಬಂದಾಗಿನಿಂದ ಅವಳು ಏನೂ ತಿಂದಿರಲಿಲ್ಲ. ಬಾಯಿ ತೆರೆದವನು, “ಕೊನೇ ಬಸ್ಸು ಎಷ್ಟೊತ್ತಿಗೆ?” ಎಂದ.

“ಕತ್ತಲಾಗೋಕೆ ಮುಂಚೆ” ಎಂದಳು. ಇಬ್ಬರೂ ಬೆಂಚಿನ ಮೇಲೆ ಬಂದು ಕೂತರು. ಚಹಾದವಳು ಒಲೆ ಆರಿಸಿ ಪಾತ್ರೆ ತೊಳೆಯಲು ಬಾವಿಯ ಕಡೆ ಹೋದಳು. ನೀರಿನಲ್ಲಿದ್ದವರು ಒಬ್ಬೊಬ್ಬರಾಗಿ ಹೊರಬರುತ್ತಿದ್ದರು. ತಂಗಿ ಕೂದಲಿನ ನೀರು ಹಿಂಡಿಕೊಂಡು, “ಡಬ್ಬಿ ಕೊಡು” ಎಂದಳು.

ಅವನು ಶೆಡ್ಡಿನಿಂದ ತಂದುಕೊಟ್ಟ. ಅವಳು ಮುಚ್ಚಳ ತೆಗೆದು ಮೊಟ್ಟೆಗಳನ್ನು ನೋಡಿ, “ಅತ್ತಿಗೆಗೆ ಬೇರೇನೂ ಸಿಗ್ಲಿಲ್ವಾ” ಎಂದಳು. ಒಂದನ್ನು ಬೆಂಚಿನ ಅಂಚಿಗೆ ತಟ್ಟಿ ಸುಲಿದಳು. ಸಿಪ್ಪೆ ಒಂದೇ ಸಲಕ್ಕೆ ಅಚ್ಚುಕಟ್ಟಾಗಿ ಬಂತು. ಬೆಳಗಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಅವನು ನಾಲಿಗೆಯ ತುದಿಗೆ ತಂದುಕೊಂಡ. ಅವಳು ಮೊಟ್ಟೆಯನ್ನು ಅವನ ಮುಂದೆ ಹಿಡಿದಳು.

“ನೀನು ತಿನ್ನು.”

“ನಿನಗೆ ತಂದಿದ್ದು.”

“ನನಗೆ ಬೇಡ. ನಂದು ಊಟ ಆಗಿತ್ತು ಕಣೋ. ನೀನು ಫೋನ್ ಮಾಡಿದ ದಿನ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. “ಇಲ್ಲ ಅಂದ್ಯಲ್ಲ.”

“ಅಂದೆ. ಯಾವಾಗ್ಲೂ ‘ಏನೇ, ಬದುಕಿದೀಯಾ’ ಅಂತ ಶುರು ಮಾಡೋನು ನೀನು. ಅವತ್ತು ಊಟ ಆಯ್ತಾ ಅಂದೆ. ಇಲ್ಲ ಅಂದ್ರೆ ನೀನು ಹೇಳಲ್ಲ ಅಂತ ಗೊತ್ತಿತ್ತು. ಅಮ್ಮನಿಗೆ ಕೊಡು ಅಂದೆ, ಮಲಗಿದಾಳೆ ಅಂದೆ ನೀನು.” ಅವಳು ಸಿಪ್ಪೆಯ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡುತ್ತಿದ್ದಳು. “ಇವತ್ತಿನ ತನಕ ಮಲಗೇ ಇದ್ಳು ನನಗೆ.”

ಅವನು ಏನಾದರೂ ಹೇಳಬೇಕಿತ್ತು. ಹೇಳಿದ್ದು ಇದು: “ಮಾವನ ಹತ್ರ, ನಿನಗೆ ತಿಳಿಸಿದೀನಿ, ನೀನೇ ಬರಲ್ಲ ಅಂದೆ ಅಂತ ಹೇಳಿಬಿಟ್ಟೆ.”

“ಏನಂದ್ರು?”

“ನಾಲ್ಕು ಮೊಟ್ಟೆ ಅಂದ್ರು.”

“ನೀನು?”

“ಸುಮ್ಮನಿದ್ದೆ.”

ಅವಳು ಅವನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡ, ಬೈದರೆ ಒಳ್ಳೆಯದು ಎಂದೂ ಅಂದುಕೊಂಡ. “ಅವತ್ತೂ ಗೊತ್ತಿತ್ತು ನನಗೆ” ಎಂದಳು. “ತಿನ್ನೋದು ನಿಲ್ಲಿಸಿದ ಕೂಡಲೇ ಅಮ್ಮ ಹೇಳಿಬಿಡ್ತಾಳೆ ಅಂತ. ಅದಕ್ಕೇ ಇನ್ನೊಂದು, ಇನ್ನೊಂದು ಅಂತಿದ್ದೆ. ನಾಲ್ಕನೇದು ಗಂಟಲಲ್ಲಿ ಇಳೀಲಿಲ್ಲ. ಇಳಿದಿದ್ರೆ ಐದನೇದೂ ಕೇಳ್ತಿದ್ದೆ.” ಅಂಗೈಯ ಸಿಪ್ಪೆಯನ್ನು ಮರಳಿಗೆ ಉದುರಿಸಿ ಕೇಳಿದಳು, “ನಿನಗೆ ಯಾರು ಹೇಳಿದ್ದು?”

“ಏನನ್ನ?”

“ಅಮ್ಮನ ವಿಷಯ.”

“ಯಾರು ಹೇಳ್ತಾರೆ? ನಾನೇ ನೋಡಿದ್ದು. ಎಲ್ಲರಿಗೂ ನಾನೇ ಹೇಳಿದ್ದು.”

“ಅವತ್ತು ಏನಾದ್ರೂ ತಿಂದಿದ್ಯಾ?”

ಅವನು ಯೋಚಿಸಿದ. ಹೆಂಡತಿ ತಿಂದದ್ದು, ಮಗಳು ಹಾಲು ಕುಡಿದದ್ದು, ಮಾವ ತಿಂಡಿ ಆಯಿತು ಎಂದದ್ದು ನೆನಪಾಯಿತು. ತನ್ನದು ನೆನಪಾಗಲಿಲ್ಲ.

“ತಿನ್ನು” ಎಂದಳು ತಂಗಿ.

ಅವನು ತಿಂದ. ಹಳದಿ ಅಂಗುಳಿಗೆ ಅಂಟಿಕೊಂಡಿತು. ಅವಳು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ಬ್ರೆಡ್ಡನ್ನೂ ಮುರಿದು ಕೊಟ್ಟಳು, ಅವನು ಅದನ್ನೂ ತಿಂದ. ತಿನ್ನುತ್ತಾ ತಿನ್ನುತ್ತಾ ತನಗೆ ತುಂಬ ಹಸಿವಾಗಿದೆ ಎಂದು ತಿಳಿಯಿತು. ಮೊಣಕೈ ಉರಿಯತೊಡಗಿತ್ತು. ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಇಬ್ಬರೂ ಏಳಲಿಲ್ಲ. ಅವನ ಬಾಯಿ ಖಾಲಿಯಾಯಿತೇ ಎಂದು, ಅಮ್ಮ ನೋಡುತ್ತಿದ್ದ ಹಾಗೆ, ತಂಗಿ ಬಗ್ಗಿ ನೋಡಿದಳು. ಕೈಯನ್ನು ಅಂಗಿಗೆ ಒರೆಸಿಕೊಂಡು ಅವನ ಮಂಡಿಯ ಮೇಲಿಟ್ಟಳು.

“ಅಣ್ಣಾ” ಎಂದಳು, “ಅಮ್ಮ ಹೋಗಿಬಿಟ್ಳು ಕಣೋ.”

ಅವನು ಅವಳ ಮುಖವನ್ನೇ ನೋಡಿದ. ಅವನ ತುಟಿ ಹಿಡಿತಕ್ಕೆ ಸಿಗಲಿಲ್ಲ.

“ಯಾವಾಗ?” ಎಂದು ಕೇಳಿದ.